ಉಡಿಯಲ್ಲಿ ಹೋದ ಗುಳಿಗೆ

ಔಷಧಿ ಕೆಟ್ಟಿರಲಿಲ್ಲ. ಗಂಡಂದಿರಿಗೆ ಅಂತ ಕೊಟ್ಟ ಗುಳಿಗೆಯನ್ನೂ ಹೆಂಡಂದಿರೇ ನುಂಗಿಬಿಟ್ಟಿದ್ದರು. ಆದದ್ದು ಇಷ್ಟೇ. ಇಷ್ಟು ತಿಳಿಯುವುದಕ್ಕೆ ನನ್ನ ಮೊಮ್ಮಗಳಿಗೆ ಒಂದು ಬೇಸಿಗೆ, ಒಂದು ಮಳೆಗಾಲ ಹೋಯಿತು. ಬಸ್ಸು ಹತ್ತಿ ಇಳಿದು ನನಗೆ ಮೊಣಕಾಲು ಹೋಯಿತು. ಇನ್ನೊಬ್ಬಳಿಗೆ ಗರ್ಭಚೀಲವೇ ಹೋಗುವುದಿತ್ತು.

ಮೊಮ್ಮಗಳು ಅಂದರೆ ನನ್ನ ಹಿರಿಯ ಮಗನ ಮಗಳು. ಡಾಕ್ಟರ್ ಓದಿದ್ದಾಳೆ. ಆದರೆ ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಂಡು ದವಾಖಾನೆ ತೆಗೆದು ಕೂಡುವ ಡಾಕ್ಟರಲ್ಲ. ಒಂದು ರೋಗವನ್ನು ಹಿಡಿದುಕೊಂಡು, ಅದು ಯಾಕೆ ಬರುತ್ತದೆ, ಬಂದದ್ದು ಯಾಕೆ ಹೋಗುವುದಿಲ್ಲ ಅಂತ ವರ್ಷಗಟ್ಟಲೆ ಅದರ ಬೆನ್ನು ಹತ್ತುವ ಡಾಕ್ಟರು. ಇವಳು ಹಿಡಿದುಕೊಂಡದ್ದು ಗಂಡ ಹೆಂಡತಿ ಕೂಡಿದಾಗ ಒಬ್ಬರಿಂದ ಒಬ್ಬರಿಗೆ ದಾಟುವ ರೋಗಗಳನ್ನು. ಮನೆಯಲ್ಲಿ ಇದನ್ನು ಮೊದಲ ಸಲ ಹೇಳಿದಾಗ ನನ್ನ ಮಗ ಟಿವಿ ಸೌಂಡು ಜಾಸ್ತಿ ಮಾಡಿದ. ಈಗಲೂ ಬೀಗರು ಕೇಳಿದರೆ "ಹೆಂಗಸರ ಡಾಕ್ಟರು" ಅನ್ನುತ್ತಾನೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಈ ರೋಗ ಅಂದ ಕೂಡಲೇ ಎಲ್ಲರೂ ಊರಿನ ಒಂದೇ ಓಣಿ ಕಡೆ ಬೆರಳು ತೋರಿಸುತ್ತಾರೆ. ಮೊಮ್ಮಗಳು ಆ ಓಣಿಗೆ ಬಂದವಳಲ್ಲ. ತಾಳಿ ಕಟ್ಟಿಸಿಕೊಂಡು, ಒಬ್ಬನೇ ಗಂಡನ ಜೊತೆ ಬಾಳುವೆ ಮಾಡುವ ಹೆಂಗಸರಲ್ಲಿ ಈ ರೋಗ ಎಷ್ಟಿದೆ, ಹೇಗೆ ಹೋಗಲಾಡಿಸುವುದು ಅಂತ ನೋಡಲು ಬಂದಳು. ಹೆಂಗಸಿಗೆ ಮಾತ್ರ ಔಷಧಿ ಕೊಟ್ಟರೆ ಮುಗಿಯುವುದಿಲ್ಲ. ಗಂಡನಿಗೂ ಕೊಡಬೇಕು. ಇಲ್ಲದಿದ್ದರೆ ಮುಂದಿನ ಬಾಗಿಲಿಂದ ಓಡಿಸಿದ ನಾಯಿ ಹಿತ್ತಲ ಬಾಗಿಲಿಂದ ಒಳಗೆ ಬಂದಹಾಗೆ. ಆದರೆ ಗಂಡಸರು ಇಂಥದ್ದಕ್ಕೆ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ. ಹತ್ತದಿದ್ದರೆ ಬಿಡಲಿ, ಹೆಂಡತಿಯ ಕೈಯಲ್ಲೇ ಅವರ ಗುಳಿಗೆ ಕಳಿಸೋಣ, ಹಾಗೆ ಮಾಡಿದರೆ ರೋಗ ಹೋಗುತ್ತದೋ ಇಲ್ಲವೋ ನೋಡೋಣ. ಇವಳ ಕೆಲಸ ಇದೇ.

ಕೊಟ್ಟೂರಿನಲ್ಲಿ ಬಾಡಿಗೆ ಮನೆ ಹಿಡಿದಳು. ನಾನು ಹರಪನಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದೆ. ಸಾಲಿಯಲ್ಲಿ ಬಿಸಿಯೂಟ ಬೇಯಿಸಿ ಬೇಯಿಸಿ ಕೆಲಸ ಬಿಟ್ಟು ಕೂತಿದ್ದೆ. "ಅಜ್ಜಿ, ನೀ ಬಂದ್ರ ಒಂದ್ ರೊಟ್ಟಿ ಬಿಸೇದು ಸಿಗ್ತತಿ" ಅಂತ ಬಂದು ಕೂತಳು. ನನಗೆ ಹೋಗುವ ಮನಸ್ಸಿರಲಿಲ್ಲ. ಜೀವನವಿಡೀ ಮಂದಿಗೆ ಬೇಯಿಸಿ ಹಾಕಿದ ಕೈ ಇದು, ಸಾಕಾಗಿತ್ತು. ಆದರೂ ಹೋದೆ. ಹುಡುಗಿ ಬಿಸ್ಕತ್ತು ಚಹಾದ ಮೇಲೆ ದಿನ ನೂಕುತ್ತಿದ್ದಳು, ಕಣ್ಣು ಗುಳಿ ಬಿದ್ದಿದ್ದವು.

ಮನೆಯಲ್ಲಿ ಎರಡು ಫ್ರಿಜ್. ಒಂದು ಮೊಸರಿಗೆ, ಒಂದು ಅವಳ ಕಡ್ಡಿಗಳಿಗೆ. ಹೆಂಗಸರು ಹತ್ತಿ ಸುತ್ತಿದ ಕಡ್ಡಿಯನ್ನು ತಾವೇ ಒಳಗೆ ಆಡಿಸಿ, ಪ್ಲಾಸ್ಟಿಕ್ ನಳಿಕೆಗೆ ಹಾಕಿ ಮುಚ್ಚಿ ಕೊಡಬೇಕು. ಅದು ಐಸ್ ಡಬ್ಬಿಯಲ್ಲಿ ದೊಡ್ಡೂರಿನ ಲ್ಯಾಬಿಗೆ ಹೋಗಬೇಕು. ಅಲ್ಲಿ ನೋಡಿ, ರೋಗ ಇದೆ, ಇಲ್ಲ ಅಂತ ಫೋನಿಗೆ ಕಳಿಸುತ್ತಾರೆ. ಕೊಟ್ಟೂರು, ಉಜ್ಜಿನಿ, ಕೂಡ್ಲಿಗಿ ಕಡೆಯವರು ಮನೆಗೆ ಬರುವರು. ಹಡಗಲಿ, ಹಗರಿಬೊಮ್ಮನಹಳ್ಳಿಗೆ ನಾವೇ ಹೋಗಬೇಕು. ಹಡಗಲಿ ಬಸ್ಸಿನಲ್ಲಿ ಮಲ್ಲಿಗೆ ಬುಟ್ಟಿಗಳ ನಡುವೆ, ಡಬ್ಬಿ ನನ್ನ ತೊಡೆ ಮೇಲೆ. ಐಸು ಕರಗಿ ಸೀರೆ ಒದ್ದೆ. ಒಬ್ಬ ಕಂಡಕ್ಟರು ಬಿಡದೆ ಕೇಳಿದ.

"ಏನೈತಬೇ ಅಜ್ಜಿ ಡಬ್ಬ್ಯಾಗ? ಮೀನಾ?"

"ಹೌದಪ್ಪ, ಮೀನು. ಮೂಸಿ ನೋಡ್ತಿಯೇನು, ತಗೀಲಾ?"

"ಬ್ಯಾಡ ಬ್ಯಾಡ, ನಾ ಲಿಂಗಾ ಕಟ್ಟೀನಿ" ಅಂತ ಮುಂದಕ್ಕೆ ಹೋದ.

ಮೊಮ್ಮಗಳು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದಳು. ನಗುವುದಕ್ಕೂ ಎಚ್ಚರ ಇರಲಿಲ್ಲ.

ಮೊದಮೊದಲು ಆಸ್ಪತ್ರೆಯ ಒಂದು ಕೋಣೆಯಲ್ಲಿ ಕೂತಳು. ಒಬ್ಬರೂ ಬರಲಿಲ್ಲ. ಯಾಕೆ ಬರುತ್ತಾರೆ? ಆ ಕೋಣೆಗೆ ಹೋದವಳ ಹೆಸರು ಅವಳು ಮನೆ ಮುಟ್ಟುವ ಮೊದಲೇ ಓಣಿ ಮುಟ್ಟುತ್ತದೆ. ಆಮೇಲೆ ಮನೆಯಲ್ಲೇ ಬರಹೇಳಿದಳು. ಕೆಲವರು ಬಂದರು, ಕಡ್ಡಿ ಕೊಟ್ಟರು. ಆದರೆ ಗುಳಿಗೆ ಒಯ್ಯಲು ಒಲ್ಲರು. ಕೈಯಲ್ಲಿ ಔಷಧಿ ಪೊಟ್ಟಣ ಕಂಡರೆ ಅತ್ತೆ ಕೇಳುತ್ತಾಳೆ, ನಾದಿನಿ ಕೇಳುತ್ತಾಳೆ, ದಾರಿಯಲ್ಲಿ ಕಿರಾಣಿ ಅಂಗಡಿಯವನೂ ಕೇಳುತ್ತಾನೆ.

ಒಂದು ಶುಕ್ರವಾರ ನಮ್ಮ ಸಂಬಂಧದ ಹೆಣ್ಣುಮಗಳು ಮನೆಗೆ ಬಂದಿದ್ದಳು. ಹೊರಟಾಗ ಪದ್ಧತಿಯಂತೆ ಉಡಿ ತುಂಬಿದೆ. ಅಕ್ಕಿ, ಒಣಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಎಲೆ ಅಡಿಕೆ, ಕುಪ್ಪಸಕ್ಕೆ ಜಂಪರ್ ಪೀಸು. ಅವಳು ಸೆರಗನ್ನು ಹೊಟ್ಟೆಗೆ ಬಿಗಿಯಾಗಿ ಸುತ್ತಿಕೊಂಡು ಹೋದಳು. ಮೊಮ್ಮಗಳು ಬಾಗಿಲಲ್ಲಿ ನಿಂತು ಅವಳು ಓಣಿ ತಿರುಗುವವರೆಗೆ ನೋಡಿದಳು.

"ಅಜ್ಜಿ, ಅಕಿ ಉಡಿಯಾಗ ಏನೈತಿ ಅಂತ ದಾರಿಯಾಗ ಯಾರಾದ್ರೂ ಕೇಳ್ತಾರಾ?"

"ಯಾರ್ ಕೇಳ್ತಾರ? ತುಂಬಿದ ಉಡಿಗೆ ಕೈ ಹಾಕೋರು ಯಾರು ಅದಾರ?"

"ಅತ್ತಿ?"

"ಅತ್ತೀನೂ ಕೇಳಂಗಿಲ್ಲ."

ಅಲ್ಲಿಗೆ ಅವಳ ತಲೆಯಲ್ಲಿ ಅದು ಕೂತುಬಿಟ್ಟಿತು. ತನ್ನ ಮೇಲಿನವರಿಗೆ ಫೋನು ಮಾಡಿ ಒಪ್ಪಿಸಿದಳು. ಮಂಗಳವಾರ, ಶುಕ್ರವಾರ ಹೆಂಗಸರು ಉಡಿ ತುಂಬಿಸಿಕೊಳ್ಳುವ ನೆವದಲ್ಲಿ ಬರುವುದು. ಒಳಗಿನ ಕೋಣೆಯಲ್ಲಿ ಮೊಮ್ಮಗಳು ಒಬ್ಬೊಬ್ಬಳನ್ನೇ ಕೂರಿಸಿಕೊಂಡು ಮಾತಾಡುವುದು. ಹೊರಗೆ ಬಂದಾಗ ಉಡಿ ತುಂಬುವುದು ನಾನು. ಮೊಮ್ಮಗಳಿಗೆ ಮದುವೆಯಾಗಿಲ್ಲ. ನನ್ನ ಗಂಡ ಇನ್ನೂ ಇದ್ದಾನೆ, ಹರಪನಹಳ್ಳಿಯಲ್ಲಿ ಕಟ್ಟೆ ಮೇಲೆ ಕೂತು ಬೀಡಿ ಸೇದುತ್ತಾನೆ. ಆದ್ದರಿಂದ ಮುತ್ತೈದೆ ನಾನೇ. ಅವನಿಂದ ನನಗೆ ಆದ ಉಪಯೋಗ ಅಂದರೆ ಅದೊಂದು.

ಜಂಪರ್ ಪೀಸಿನ ಮಡಿಕೆಯಲ್ಲಿ ಎರಡು ಪೊಟ್ಟಣ. ಬಿಳಿಯದು ಅವಳಿಗೆ, ಹಳದಿಯದು ಗಂಡನಿಗೆ. ಮೊಮ್ಮಗಳು ಇದನ್ನು ಒಳಗೆ ಬಿಡಿಸಿ ಬಿಡಿಸಿ ಹೇಳಿರುತ್ತಿದ್ದಳು. ನಾನೂ ಉಡಿಗೆ ಹಾಕುವಾಗ, "ಹಳದೀದು ಯಜಮಾನ್ರಿಗೆ ಹೌದಿಲ್ಲೋ?" ಅಂದರೆ, "ಹೂನ್ರಿ" ಅನ್ನುವರು. ಒಂದು ತಿಂಗಳು ಚಿಲ್ಲರೆ ಬಿಟ್ಟು ಮತ್ತೆ ಬಂದು ಮತ್ತೊಂದು ಕಡ್ಡಿ ಕೊಡಬೇಕು. "ಎರಡೂ ಪೊಟ್ಟಣ ಮುಗಿದ್ವಾ?" ಅಂತ ಮೊಮ್ಮಗಳು ಕೇಳುವಳು. "ಮುಗಿದ್ವರಿ" ಅನ್ನುವರು. ಮುಗಿದದ್ದು ನಿಜವೇ.

ಬರುವವರು ಹೆಚ್ಚಿದರು. ನನಗೆ ವಾರಕ್ಕೆ ಎರಡು ದಿನ ಅಕ್ಕಿ ಆರಿಸುವುದು, ಕೊಬ್ಬರಿ ಬಟ್ಟಲಿಗೆ ಅರಿಶಿಣ ಹಚ್ಚುವುದು. ಮೊಮ್ಮಗಳಿಗೆ ಅದೇ ಪ್ರಶ್ನೆ, ಅದೇ ಸಮಾಧಾನ. ಯಾರಿಂದ ಬಂತು ಅಂತ ಅವಳು ಯಾರನ್ನೂ ಕೇಳುತ್ತಿರಲಿಲ್ಲ. "ಅದು ಪೊಲೀಸ್ನೋರ ಕೆಲಸ ಅಜ್ಜಿ, ನಂದಲ್ಲ" ಅನ್ನುವಳು. ಯಾರಿಗೆ ಏನಿದೆ ಅಂತ ನನಗೂ ಹೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ. ಕೆಲವರು ತಾವೇ ಹೇಳುತ್ತಿದ್ದರು.

ಹಾಗೆ ತಾನೇ ಹೇಳಿದವಳು ಲೈನ್‌ಮನ್ನನ ಹೆಂಡತಿ.

ಲೈನ್‌ಮನ್ ನಮಗೆ ಗೊತ್ತಿದ್ದವನು. ಕರೆಂಟ್ ಹೋದರೆ ಮೊಮ್ಮಗಳ ಫ್ರಿಜ್ ಬೆಚ್ಚಗಾಗುತ್ತದೆ, ಅದಕ್ಕೇ ಅವನ ನಂಬರು ನನ್ನ ಫೋನಿನಲ್ಲಿತ್ತು. ಕರೆದರೆ ಸೈಕಲ್ ಮೋಟರಿನಲ್ಲಿ ಬಂದು, "ಏನಜ್ಜಿ, ಮತ್ತ ಹೋತಾ?" ಅಂತ ಕಂಬ ಹತ್ತುವನು. ಒಳ್ಳೆ ಕೆಲಸಗಾರ. ಇಳಿದ ಮೇಲೆ ಒಂದು ಲೋಟ ಮಜ್ಜಿಗೆ ಕುಡಿದು ಹೋಗುವನು. ಆ ಫ್ರಿಜ್ಜಿನಲ್ಲಿ ಅವನ ಹೆಂಡತಿಯ ನಳಿಕೆಯೂ ಇರುತ್ತಿತ್ತು. ಅವನಿಗೆ ಗೊತ್ತಿರಲಿಲ್ಲ.

ಅವಳು ಇನ್ನೂ ಎಳೆಯ ಹೆಂಗಸು. ಒಂದು ಹೆಣ್ಣು ಕೂಸು, ಇನ್ನೂ ಅಂಗನವಾಡಿಗೆ ಹೋಗುವುದು. ಮೊದಲ ಸಲ ಬಂದಾಗ ಕಿಬ್ಬೊಟ್ಟೆ ಹಿಡಿದುಕೊಂಡೇ ಬಂದಳು. ಬಿಳಿ ಹೋಗುವುದು, ಸೊಂಟ ನೋವು, ಸಂಜೆ ಜ್ವರ. ಅವಳ ಹಿಂದೆ ಅವಳ ಅತ್ತೆ. ಅತ್ತೆ ಒಳಗೆ ಬರಲಿಲ್ಲ, ನನ್ನ ಜೊತೆ ಪಡಸಾಲೆಯಲ್ಲಿ ಕೂತಳು. ಎಲೆ ಅಡಿಕೆ ಹಾಕಿಕೊಂಡು ಶುರು ಮಾಡಿದಳು.

"ಯಕ್ಕಾ, ನಿನ್ನ ಮೊಮ್ಮಗಳು ದೊಡ್ಡ ಡಾಕ್ಟರು ಅಂತಾರ. ಇದಕ್ಯಾಕ ಗುಳಿಗಿ ಗಿಳಿಗಿ? ಚೀಲ ತಗಸಿದ್ರ ಮುಗೀತು."

"ಯಾವ ಚೀಲ?"

"ಗರ್ಭಚೀಲ. ನಮ್ಮ ಓಣ್ಯಾಗ ಎಲ್ಲಾರೂ ತಗಸ್ಯಾರ. ನಾನೂ ತಗಸೀನಿ. ಒಂದ್ ವಾರ ಮಲಗಿದೆ, ಎದ್ದೆ. ಈಗ ನೋಡು, ಕಲ್ಲಿದ್ದಂಗ ಅದೀನಿ."

ಕಲ್ಲಿದ್ದಂತೆ ಅಂದವಳು ಏಳುವಾಗ ಗೋಡೆ ಹಿಡಿದುಕೊಂಡು ಎದ್ದಳು. ಸೊಂಟ ನೆಟ್ಟಗಾಗುವಷ್ಟು ಹೊತ್ತು ನಿಂತೇ ಇದ್ದಳು. ನಮ್ಮ ಸಾಲಿಯ ಅಡಿಗೆಮನೆಯಲ್ಲೂ ಹೀಗೆ ಚೀಲ ತೆಗೆಸಿಕೊಂಡವರು ಇದ್ದರು. ಮೂವತ್ತಕ್ಕೇ ಮುದುಕಿಯರಾದರು, ಕುಕ್ಕರ್ ಎತ್ತಲು ನನ್ನನ್ನು ಕರೆಯುವರು. ಹೆಂಗಸಿಗೆ ಹೊಟ್ಟೆ ನೋವು ಅಂದರೆ ಚೀಲ ತೆಗೆ. ಗೋಡೆ ಸೋರಿದರೆ ಮನೆ ಕೆಡವು ಅಂದಹಾಗೆ.

ಮೊಮ್ಮಗಳು ಆ ದಿನ ಹೊರಗೆ ಬಂದು ಅತ್ತೆಯ ಮುಂದೆ ಕೂತು ಬೇಡಿಕೊಂಡಳು. "ಸ್ವಲ್ಪ ತಡೀರಿ ಅಮ್ಮಾ. ಗುಳಿಗಿಲೆ ವಾಸಿ ಆಗ್ತತಿ. ಚೀಲಕ್ಕ ಏನೂ ಆಗಿಲ್ಲ." ಇದಕ್ಕಿಂತ ಹೆಚ್ಚು ಹೇಳುವಂತಿಲ್ಲ. ರೋಗದ ಹೆಸರು ಹೇಳಿದರೆ ಸೊಸೆಯ ಗುಟ್ಟು ಹೋಯಿತು, ಮಗನ ಮಾನವೂ ಹೋಯಿತು. ಅತ್ತೆ ಎಲೆ ಉಗುಳಿ ಬಂದು, "ಆಗ್ಲಿ, ನೋಡೋಣ" ಅಂದಳು.

ಮೊದಲ ಸಲ ಗುಳಿಗೆ ಹೋಯಿತು. ನೋವು ಕಡಿಮೆಯಾಯಿತು. ಮೊಮ್ಮಗಳು ಅವತ್ತು ಎರಡು ರೊಟ್ಟಿ ಹೆಚ್ಚು ತಿಂದಳು. ಆಮೇಲೆ ಮತ್ತೆ ನೋವು, ಮತ್ತೆ ಕಡ್ಡಿ, ಮತ್ತೆ ರೋಗ ಇದೆ ಅಂತ ಬಂತು. ಎರಡನೇ ಸಲ ಗುಳಿಗೆ ಕೊಟ್ಟಳು. ಮತ್ತೆ ಹಾಗೇ. ಲೈನ್‌ಮನ್ನನ ಹೆಂಡತಿ ಒಬ್ಬಳೇ ಅಲ್ಲ, ಉಜ್ಜಿನಿಯವರು, ಕೂಡ್ಲಿಗಿಯವರು, ಕಾನಹೊಸಹಳ್ಳಿಯಿಂದ ಬರುತ್ತಿದ್ದ ಇಬ್ಬರು, ಎಲ್ಲರದೂ ಇದೇ ಕತೆ. ಕೆಲವರಿಗೆ ವಾಂತಿ, ತಲೆಸುತ್ತು. ಗುಳಿಗೆ ಜೋರಾಗಿಯೇ ಇದೆ, ಆದರೂ ರೋಗ ಜಗ್ಗುವುದಿಲ್ಲ. ಮೊಮ್ಮಗಳು ಊಟ ಕಡಿಮೆ ಮಾಡಿದಳು. ದೊಡ್ಡೂರಿನ ಅವಳ ಹಿರಿಯ ಡಾಕ್ಟರಿಗೆ ಫೋನು ಮಾಡುವಳು, ಇಂಗ್ಲಿಷಿನಲ್ಲಿ ಮಾತಾಡುವಳು, ಫೋನು ಇಟ್ಟ ಮೇಲೆ ಗೋಡೆ ನೋಡುತ್ತಾ ಕೂಡುವಳು.

"ಏನಂತಾರ?" ಅಂದೆ ಒಂದು ದಿನ.

"ಔಷಧಿಗೆ ಈ ಕಡಿ ರೋಗ ಬಗ್ಗವಲ್ದು ಅಂತ ಕಾಣ್ತತಿ ಅಜ್ಜಿ. ಹಂಗ ಅಂತ ಬರಿಬೇಕಾಗ್ತತಿ."

"ಬರಿದ್ರ ಏನಾಗ್ತತಿ?"

"ಇನ್ನೂ ಜೋರು ಔಷಧಿ ಹುಡುಕ್ತಾರ. ಎಲ್ಲಾ ಕಡಿ ಇದನ್ನ ಬಿಡ್ತಾರ."

"ಮತ್ತ ಲೈನ್‌ಮನ್ನನ ಹೆಂಡ್ತಿ?"

ಆ ಹೆಂಗಸಿನ ಬಗ್ಗೆ ನಾನು ಕೇಳಬಾರದಿತ್ತು, ಮೊಮ್ಮಗಳು ಹೇಳಬಾರದಿತ್ತು. ಇಬ್ಬರೂ ತಂಗಳನ್ನ ಮಜ್ಜಿಗೆ ಉಂಡು ಮಲಗಿದೆವು.

ಮುಂದಿನ ಗುರುವಾರ ಅತ್ತೆ ಒಬ್ಬಳೇ ಬಂದಳು. ಕೂಡಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದಳು.

"ಸೋಮವಾರ ನರ್ಸಿಂಗ್ ಹೋಮಿಗೆ ಹೊಂಟೀವಿ. ಚೀಲ ತಗಸ್ತೀವಿ. ನಿಮ್ಮ ಡಾಕ್ಟರಮ್ಮಗ ಹೇಳಿಬಿಡು."

"ಇನ್ನೂ ಸಣ್ಣ ಹುಡುಗಿ ಐತಿ. ಇನ್ನೊಂದು ಕೂಸು ಬೇಕು ಅಂತಾಳ."

"ಅಂತಾಳ. ನಾನೂ ಗಂಡ್ ಮಮ್ಮಗ ಬೇಕಂತೀನಿ. ದಿನಾ ಹೊಟ್ಟಿ ಹಿಡ್ಕೊಂಡು ಮಲಗಿದೋಳು ಎಲ್ಲಿಂದ ಹಡೀತಾಳ? ನಿನ್ನ ಮೊಮ್ಮಗಳು ಹತ್ತಿ ಕಡ್ಡಿ ಆಡಿಸಿ ಆಡಿಸಿ ಏನ್ ಕಡದು ಕಟ್ಟಿ ಹಾಕಿದ್ಲು? ನಾ ಬೈಯಾಕ ಬಂದಿಲ್ಲ ಯಕ್ಕಾ. ನನಗೂ ನೋಡಿ ನೋಡಿ ಸಾಕಾಗೈತಿ."

ಅವಳ ಮಾತಿನಲ್ಲಿ ಕೆಟ್ಟದ್ದು ಇರಲಿಲ್ಲ. ಅದೇ ಕಷ್ಟ. ಕೆಟ್ಟವಳಾಗಿದ್ದರೆ ಜಗಳ ಆಡಬಹುದಿತ್ತು.

ಶುಕ್ರವಾರ ಮಧ್ಯಾಹ್ನ ಸೊಸೆ ಬಂದಳು. ಕೊನೆಯ ಸಲ ಅಂತ. ಉಡಿ ತುಂಬಿಸಿಕೊಂಡು ಬರುತ್ತೇನೆ ಅಂತ ಅತ್ತೆಗೆ ಹೇಳಿ ಬಂದಿದ್ದಳು. ಮೊಮ್ಮಗಳು ಅವಳನ್ನು ಒಳಗೆ ಬಹಳ ಹೊತ್ತು ಕೂರಿಸಿಕೊಂಡಳು. ಆಪರೇಷನ್ ಬೇಡ ಅಂದಳಂತೆ, ಚೀಲ ತೆಗೆದರೂ ಈ ರೋಗ ಮತ್ತೆ ಬರುತ್ತದೆ ಅಂದಳಂತೆ. "ನನ್ನ ಮಾತು ಯಾರು ಕೇಳ್ತಾರ ಅಕ್ಕಾರ?" ಅಂದಳಂತೆ ಅವಳು. ಕೊನೆಗೆ ಮೊಮ್ಮಗಳು ಏನೂ ತೋಚದೆ ಮತ್ತೊಮ್ಮೆ ಎರಡು ಪೊಟ್ಟಣ ಕೊಟ್ಟಳು.

ನಾನು ಚಾಪೆ ಹಾಸಿ ಕೂರಿಸಿದೆ. ಕುಂಕುಮ ಹಚ್ಚಿದೆ. ಅವಳು ಸೆರಗು ಒಡ್ಡಿದಳು. ಅಕ್ಕಿ ಹಾಕಿದೆ, ಕೊಬ್ಬರಿ ಹಾಕಿದೆ, ಜಂಪರ್ ಪೀಸಿನೊಳಗೆ ಪೊಟ್ಟಣ ಮಡಚಿ ಹಾಕಿದೆ. ಅವಳು ಸೆರಗು ಸುತ್ತಿಕೊಳ್ಳುತ್ತಾ, ಒಳಗೆ ಕೇಳದ ಹಾಗೆ, ನನ್ನನ್ನು ಕೇಳಿದಳು.

"ಅಜ್ಜಿ, ಈ ಸಲ ಎರಡೂ ಒಮ್ಮೆಲೆ ನುಂಗ್ಲ್ಯಾ, ಬೆಳಿಗ್ಗೆ ಒಂದು ಸಂಜಿಗೆ ಒಂದು ನುಂಗ್ಲ್ಯಾ? ಹ್ವಾದ ಸಲ ಒಮ್ಮೆಲೆ ನುಂಗಿ ವಾಂತಿ ಆತು."

"ಎರಡೂ ಅಂದ್ರ?"

"ಬಿಳೀದು, ಹಳದೀದು."

"ಹಳದೀದು ನಿನ್ನ ಗಂಡಂದಲ್ಲೇನಬೇ?"

"ಹೌದು. ಅವರದು ನಾನ ನುಂಗೀನಿ."

ನನಗೆ ಮೊದಲು ಅರ್ಥವಾಗಲಿಲ್ಲ. ಕುಂಕುಮದ ಬಟ್ಟಲು ಕೆಳಗಿಟ್ಟೆ.

"ಯಾಕ? ಅವ ಒಲ್ಲೆ ಅಂದ್ನಾ?"

"ಅವರಿಗೆ ಹೇಳೇ ಇಲ್ಲ. ಉಡಿಯಾಗಿಂದು ಗಂಡಗ ಹೆಂಗ ಕೊಡ್ತಾರ ಅಜ್ಜಿ? ನೀನ ಹೇಳು. ಅದಕ್ಕ ಅವರ ಹೆಸರು ತಗೊಂಡು ನಾನ ನುಂಗಿದೆ. ಅವರ ಹೆಸರಲೆ ಸೋಮಾರ ಒಪ್ಪೊತ್ತು ನಾ ಮಾಡಂಗಿಲ್ಲೇನು? ಅವರಿಗೆ ಮೈಗೆ ಹುಷಾರಿಲ್ಲದಾಗ ಮುಡುಪು ನಾ ಕಟ್ಟಂಗಿಲ್ಲೇನು? ಹಂಗ ಇದು."

ನಮ್ಮ ಮನೆಗಳಲ್ಲಿ ಉಡಿಗೆ ಬಿದ್ದದ್ದು ಹೆಂಗಸಿನದು. ಆ ಅಕ್ಕಿಯನ್ನು ಅವಳು ಬೇಯಿಸಿ ಉಣ್ಣುತ್ತಾಳೆ, ಕೂಸುಗಳಿಗೆ ಒಂದು ತುತ್ತು ಕೊಡುತ್ತಾಳೆ. ಗಂಡನ ತಾಟಿಗೆ ಬಡಿಸುವುದಿಲ್ಲ. ಬಡಿಸಿದರೆ ಉಡಿ ಬರಿದಾಗುತ್ತದೆ, ಅಂದರೆ ಹೊಟ್ಟೆ ಬರಿದಾಗುತ್ತದೆ ಅನ್ನುತ್ತಾರೆ. ನಾನೂ ನನ್ನ ಗಂಡನಿಗೆ ಬಡಿಸಿದವಳಲ್ಲ. ಕೂಸು ಬೇಕು ಅಂತ ಬಯಸುವವಳು ಉಡಿಯಲ್ಲಿ ಬಂದದ್ದನ್ನು ತೆಗೆದು ಗಂಡನಿಗೆ ಕೊಡುತ್ತಾಳೆಯೇ? ಅಕ್ಕಿಯ ವಿಷಯವಾಗಿ ಇದು ನನಗೆ ಗೊತ್ತಿತ್ತು. ಗುಳಿಗೆಯೂ ಉಡಿಗೆ ಬಿದ್ದರೆ ಉಡಿಯದೇ ಆಗುತ್ತದೆ ಅಂತ ನನಗೆ ಹೊಳೆಯಲಿಲ್ಲ. ಮೊಮ್ಮಗಳು ದಾವಣಗೆರೆಯ ಹಾಸ್ಟೆಲಿನಲ್ಲಿ ಬೆಳೆದವಳು, ಅವಳಿಗೆ ಯಾರು ಹೇಳಬೇಕು? ಆ ಹೆಂಗಸರಿಗೆ ಇದು ಹೇಳುವ ಮಾತೇ ಅಲ್ಲ. ಉಸಿರಾಡುತ್ತೇನೆ ಅಂತ ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ?

"ಲೇ ತಾಯಿ, ಹೊರಗ ಬಾ" ಅಂತ ಮೊಮ್ಮಗಳನ್ನು ಕರೆದೆ. "ಇಕಿ ಹೇಳೋದು ಕೇಳು."

ಅವಳು ಕೇಳಿದಳು. ಎರಡು ಸಲ ಕೇಳಿದಳು. ಆಮೇಲೆ ಅಲ್ಲೇ ನಮ್ಮಿಬ್ಬರ ಮುಂದೆ ನೆಲದ ಮೇಲೆ ಕೂತಳು, ಅಕ್ಕಿ ಚೆಲ್ಲಿದ ಕಡೆ. ಫೋನು ತೆಗೆದು ಉಜ್ಜಿನಿಯ ಒಬ್ಬಳಿಗೆ ಹಚ್ಚಿದಳು, ಕೂಡ್ಲಿಗಿಯ ಇಬ್ಬರಿಗೆ ಹಚ್ಚಿದಳು. "ಹಳದಿ ಪೊಟ್ಟಣ ಯಾರು ನುಂಗಿದ್ರು?" ಅಂತ ಒಂದೇ ಪ್ರಶ್ನೆ. ಒಬ್ಬಳು ತಾನೇ ಅಂದಳು. ಒಬ್ಬಳು ದೇವರ ಮುಂದೆ ಇಟ್ಟು ಆಮೇಲೆ ತಾನೇ ಅಂದಳು. ಇನ್ನೊಬ್ಬಳು, "ಯಾಕ್ರಿ ಅಕ್ಕಾರ, ನುಂಗಬಾರ್ದಿತ್ತೇನು?" ಅಂತ ಗಾಬರಿಯಾದಳು. ಅವಳಿಗೆ ಸಮಾಧಾನ ಹೇಳಿ ಫೋನು ಇಟ್ಟಳು.

"ಇಷ್ಟೂ ದಿನದ್ದು ಹೋತು ಅಜ್ಜಿ" ಅಂದಳು. "ಮೊದಲಿಂದ ಶುರು ಮಾಡಬೇಕು."

ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ಸಿಟ್ಟು ಮಾಡುವುದಕ್ಕೂ ಮೈಯಲ್ಲಿ ಶಕ್ತಿ ಬೇಕು. ಅಕ್ಕಿ ಕಾಳನ್ನು ಒಂದೊಂದೇ ಆರಿಸಿ ಅಂಗೈಗೆ ಹಾಕಿಕೊಂಡಳು.

ಲೈನ್‌ಮನ್ನನ ಹೆಂಡತಿ ಹೆದರಿದ್ದಳು. "ನಾ ತಪ್ಪು ಮಾಡಿದ್ನೇನ್ರಿ?"

"ಇಲ್ಲ. ನಾವು ಕೊಟ್ಟಿದ್ದ ತಪ್ಪು" ಅಂದಳು ಮೊಮ್ಮಗಳು. "ಈಗ ಒಂದು ಮಾತು ಕೇಳ್ತೀನಿ. ನಿನ್ನ ಗಂಡಗ ನಾ ಹೇಳಬೌದಾ? ನೀ ಹೂಂ ಅಂದ್ರ ಮಾತ್ರ."

ಅವಳು ನನ್ನನ್ನು ನೋಡಿದಳು. ಸೆರಗಿನ ಗಂಟನ್ನು ಬಿಗಿ ಮಾಡಿದಳು, ಸಡಿಲ ಮಾಡಿದಳು. ಗಂಡನಿಗೆ ಹೇಳಿದರೆ, ನಿನಗೂ ಇದೆ, ನಿನ್ನಿಂದಲೇ ಬಂದಿರಬಹುದು ಅಂತ ಹೇಳಿದ ಹಾಗೆ. ಅವನು ಕೈ ಎತ್ತುತ್ತಾನೋ, ಮೊದಲು ಮನೆಗೆ ತಂದವಳು ನೀನೇ ಅನ್ನುತ್ತಾನೋ, ತವರಿಗೆ ಅಟ್ಟುತ್ತಾನೋ ಯಾರು ಬಲ್ಲರು? ಹೇಳದಿದ್ದರೆ ಸೋಮವಾರ.

"ಹೊಡ್ಯಾವನೇನು?" ಅಂತ ನೇರ ಕೇಳಿದೆ.

"ಇಲ್ಲ. ಮಾತು ಬಿಡ್ತಾರ. ತಿಂಗಳಗಟ್ಲೆ ಮಾತಾಡಂಗಿಲ್ಲ."

"ಅಷ್ಟ ಅಲ್ಲಾ? ನನ್ನ ಗಂಡ ನಲವತ್ತು ವರ್ಷದಿಂದ ಮಾತಾಡಿಲ್ಲ, ಬರೀ ಕೆಮ್ಮತಾನ."

ಅವಳು ಮೂಗಿನಲ್ಲಿ ಸ್ವಲ್ಪ ನಕ್ಕಳು. ನಕ್ಕಿದ್ದಕ್ಕೆ ಹೊಟ್ಟೆ ನೋವಾಗಿ ಕೈ ಒತ್ತಿಕೊಂಡಳು. "ಹೇಳ್ರಿ" ಅಂದಳು. "ಆದ್ರ ನಮ್ಮತ್ತಿ ಮುಂದ ಬ್ಯಾಡ. ಮನ್ಯಾಗ ಬ್ಯಾಡ. ಅವರು ಕೆಲಸದ ಮ್ಯಾಲ ಇದ್ದಾಗ ಹೇಳ್ರಿ. ನಾಳೆ ಉಜ್ಜಿನಿ ರೋಡಿನಾಗ ಅದಾರ."

ಮೊಮ್ಮಗಳು ಅವಳ ಉಡಿಯಿಂದ ಹಳದಿ ಪೊಟ್ಟಣ ವಾಪಸು ಕೇಳಿದಳು. ಅವಳು ಕೊಡಲು ಹಿಂದುಮುಂದು ನೋಡಿದಳು. ತುಂಬಿದ ಉಡಿಯಿಂದ ಹಿಂದಕ್ಕೆ ತೆಗೆಯುವುದು ಒಳ್ಳೆಯದಲ್ಲ. "ಇರ್ಲಿ ಬಿಡು, ದೇವರ ಮುಂದ ಇಡು, ನುಂಗಬ್ಯಾಡ" ಅಂದೆ. "ಅವಂಗ ಬ್ಯಾರೇದು ಐತಿ." ಅವಳು ಬಿಳಿಯದನ್ನು ಮಾತ್ರ ನುಂಗುತ್ತೇನೆ ಅಂತ ಮೊಮ್ಮಗಳ ಮುಂದೆ ಒಪ್ಪಿಕೊಂಡು ಹೋದಳು.

ಮೊಮ್ಮಗಳು ಹಿರಿಯ ಡಾಕ್ಟರಿಗೆ ಫೋನು ಮಾಡಿದಳು. ಔಷಧಿ ಸೋತಿಲ್ಲ ಅಂತ ಹೇಳಿರಬೇಕು, ಇಂಗ್ಲಿಷಿನಲ್ಲಿ. ಆಮೇಲೆ ಇವಳು 'ಉಡಿ' ಅನ್ನುವುದನ್ನು ಕನ್ನಡದಲ್ಲೇ ಹೇಳಿ ಹೇಳಿ ಬಿಡಿಸುತ್ತಿದ್ದಳು. ನಾನು ಒಲೆ ಹಚ್ಚಿದೆ.

ಮರುದಿನ ಬೆಳಿಗ್ಗೆ ಎದ್ದು ಜೋಳದ ರೊಟ್ಟಿ ಬಡಿದೆ. ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ. ಸಾಲಿ ಬಿಟ್ಟ ಮೇಲೆ ಗಂಡಸಿನ ಬುತ್ತಿ ಕಟ್ಟಿರಲಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಕೆಳಗೆ ರೊಟ್ಟಿ, ಮೇಲೆ ಪಲ್ಯ, ಮುಚ್ಚಳದ ಮೇಲೆ ಹಳದಿ ಪೊಟ್ಟಣ, ರಬ್ಬರ್ ಬ್ಯಾಂಡು. ಗುಳಿಗೆ ಉಂಡ ಮೇಲೆ ನುಂಗಬೇಕಿತ್ತು. ಗಂಡಸಿನ ಪಾಲು ಬುತ್ತಿಯಲ್ಲೇ ಹೋಗಲಿ ಅಂತ. ಸೆರಗಿಗೆ ತಾಗಿಸದೆ ಕೈಯಲ್ಲಿ ಹಿಡಿದುಕೊಂಡೆ. ಇಬ್ಬರೂ ಆಟೋದಲ್ಲಿ ಉಜ್ಜಿನಿ ರೋಡಿಗೆ ಹೋದೆವು.

ಅವನು ಕಂಬದ ಮೇಲಿದ್ದ. ನಾನು ಕೆಳಗೆ ನಿಂತು ಕೂಗಿದೆ.

"ಇಳಿಯಪ್ಪೋ ಕೆಳಗ!"

"ಏನಜ್ಜಿ, ಇಲ್ಲಿಗೇ ಬಂದಿ? ಮತ್ತ ಕರೆಂಟ್ ಹೋತಾ?"

"ಹೋಗಿಲ್ಲ. ನಿನಗ ಬುತ್ತಿ ತಂದೀನಿ."

ನಗುತ್ತಾ ಇಳಿದ. ಡಾಕ್ಟರಮ್ಮನನ್ನು ನೋಡಿ ನಗು ನಿಲ್ಲಿಸಿದ. 'ಇವರು ನಿನ್ನ ಜೊತೆ ಮಾತಾಡಬೇಕಂತ' ಅಂತ ಹೇಳಿ ನಾನು ದೂರ ಹೋಗಿ ಜಾಲಿ ಗಿಡದ ನೆರಳಲ್ಲಿ ಕೂತೆ. ಅವರ ಮಾತು ನನಗೆ ಕೇಳಲಿಲ್ಲ. ಕೇಳುವುದು ಬೇಕೂ ಇರಲಿಲ್ಲ. ಅವನು ಒಮ್ಮೆ ದನಿ ಎತ್ತಿದ, ಮೊಮ್ಮಗಳು ಎತ್ತಲಿಲ್ಲ. ಆಮೇಲೆ ಅವನು ಸೊಂಟದ ಬೆಲ್ಟು ಬಿಚ್ಚಿ ಕೆಳಗಿಟ್ಟ. ಬೂಟಿನ ತುದಿಯಿಂದ ಮಣ್ಣು ಕೆದರುತ್ತಾ ನಿಂತ. ಲಾರಿಗಳು ಹೋದವು, ಕುರಿ ಹಿಂಡು ದಾಟಿತು. ಕೊನೆಗೆ ನನ್ನ ಹತ್ತಿರ ಬಂದು ಕೂತ. ನನ್ನ ಮುಖ ನೋಡಲಿಲ್ಲ.

"ಉಣ್ಣು" ಅಂದೆ.

ಉಂಡ. ರೊಟ್ಟಿ ಪೂರ್ತಿ ಉಂಡ, ಪಲ್ಯ ಬಿಟ್ಟ. ಪೊಟ್ಟಣ ಬಿಚ್ಚಿ ಅಂಗೈಗೆ ಹಾಕಿಕೊಂಡು, "ಇವನ್ನ ಅಕಿ ನುಂಗಿದ್ಲೇನಜ್ಜಿ? ನಂದೂ?" ಅಂದ.

"ನುಂಗಿದ್ಲು. ವಾಂತಿನೂ ಮಾಡ್ಕೊಂಡ್ಲು."

ನುಂಗಿದ. ಗಂಟಲು ಮೇಲೆ ಕೆಳಗೆ ಆಗುವವರೆಗೆ ನಾನು ನೋಡಿದೆ, ನೀರಿನ ಬಾಟಲಿ ಕೊಟ್ಟೆ. ಒಂದು ವಾರ ಹೆಂಡತಿಯ ಹಾಸಿಗೆ ಕಡೆ ಹೋಗಬಾರದು ಅಂತ ಮೊಮ್ಮಗಳು ಮತ್ತೊಮ್ಮೆ ಹೇಳಿದಳು. ತಲೆ ಆಡಿಸಿದ. ಆಮೇಲೆ ಫೋನು ತೆಗೆದು ತಾಯಿಗೆ ಹಚ್ಚಿದ.

"ಅವ್ವಾ. ಸೋಮಾರ ಎಲ್ಲಿಗೂ ಹೋಗೋದು ಬ್ಯಾಡ." ಆ ಕಡೆಯಿಂದ ಅತ್ತೆಯ ದನಿ ನಮಗೂ ಕೇಳುವಷ್ಟು ಬಂತು. "ಯಾಕ ಗೀಕ ಇಲ್ಲ. ಬ್ಯಾಡ ಅಂದೆ. ಮನಿಗೆ ಬಂದು ಮಾತಾಡ್ತೀನಿ." ಫೋನು ಜೇಬಿಗಿಟ್ಟು, ಬೆಲ್ಟು ಕಟ್ಟಿಕೊಂಡು, ನಮ್ಮ ಕಡೆ ತಿರುಗದೆ ಕಂಬ ಹತ್ತಿದ.

ಮೊಮ್ಮಗಳು ಆಟೋದಲ್ಲಿ ಕೂತು ಕಣ್ಣು ಮುಚ್ಚಿದಳು. "ನಾಳೆ ಹಡಗಲಿ ಅಜ್ಜಿ" ಅಂದಳು. "ಹೆಂಗಸ್ರು ಹೂಂ ಅಂದ್ರ ಅಲ್ಲೀ ಗಂಡಸ್ರಿಗೂ ಬುತ್ತಿ."

ನಾನು ಉಳಿದ ಪಲ್ಯವನ್ನು ಗಿಡದ ಬುಡಕ್ಕೆ ಚೆಲ್ಲಿದೆ. ಬಾಟಲಿಯ ನೀರಿನಿಂದ ಡಬ್ಬಿ ತೊಳೆದೆ, ಒರೆಸಿದೆ, ಮುಚ್ಚಳ ಹಾಕಿ ಚೀಲದಲ್ಲಿಟ್ಟುಕೊಂಡೆ. ನಾಳೆಗೆ ಇನ್ನಷ್ಟು ಹಿಟ್ಟು ಬೀಸಿಸಬೇಕಿತ್ತು.